ಪಾಪ, ಮರಣ, ನ್ಯಾಯತೀರ್ಪು: ಬೈಬಲಿನ ಬೋಧನೆಯನ್ನು ಓದುವ ಕ್ರಮ

ಮರಣಾನಂತರದ ನ್ಯಾಯತೀರ್ಪಿನ ಬಗ್ಗೆ ಕ್ರೈಸ್ತರು ಏನನ್ನು ನಂಬುತ್ತಾರೆಂದು ತಿಳಿಯಬಯಸುವವರು ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆ ಗ್ರಂಥದಿಂದ ಆರಂಭಿಸದೆ, ಅದರ ಮೊದಲ ಪುಸ್ತಕವಾದ ಆದಿಕಾಂಡದ 3ನೆಯ ಅಧ್ಯಾಯವನ್ನು ಮೊದಲು ಓದಬೇಕು. ದೇವರ ಆಜ್ಞೆಯನ್ನು ಮೀರಿದ ಮನುಷ್ಯನು ಮಣ್ಣಿಗೆ ಮರಳುವನೆಂಬ ಮಾತು ಅಲ್ಲಿದೆ. ಅದರ ಬೆನ್ನಿಗೇ ರೋಮಾಪುರದವರಿಗೆ ಬರೆದ ಪತ್ರಿಕೆಯ 5 ಮತ್ತು 6ನೆಯ ಅಧ್ಯಾಯಗಳನ್ನು ಓದಿರಿ. ಪಾಪವು ಕೊಡುವ ಸಂಬಳ ಮರಣವೆನ್ನುವ, ಆ ಪತ್ರಿಕೆಯನ್ನು ಬರೆದ ಅಪೊಸ್ತಲ ಪೌಲನು ಅದೇ ವಾಕ್ಯದಲ್ಲಿ ನಿತ್ಯಜೀವವನ್ನು ದೇವರ ಉಚಿತ ವರವೆನ್ನುತ್ತಾನೆ. ಮೊದಲರ್ಧವನ್ನಷ್ಟೇ ಎತ್ತಿ ಹೇಳುವ ರೂಢಿ ಅನೇಕರ ಮನಸ್ಸಿನಲ್ಲಿ ಭಯವನ್ನು ಮಾತ್ರ ಉಳಿಸಿದೆ ಎಂಬುದು ನನ್ನ ಭಾವನೆ.

ಬಳಿಕ ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯಕ್ಕೆ ಬನ್ನಿರಿ. ಹಸಿದವರಿಗೆ ಊಟ, ಬಾಯಾರಿದವರಿಗೆ ನೀರು, ಸೆರೆಯಲ್ಲಿರುವವರ ಭೇಟಿ ಮುಂತಾದವೇ ಅಲ್ಲಿ ತೀರ್ಪಿನ ಆಧಾರ. ನಂಬಿಕೆಯಿಂದ ನೀತಿವಂತರಾಗುವ ಕುರಿತ ಪೌಲನ ಬೋಧನೆಯೊಡನೆ ಇದನ್ನು ಹೊಂದಿಸಲು ಅವಸರಪಡಬೇಡಿರಿ, ಏಕೆಂದರೆ ಇದು ಕ್ರೈಸ್ತ ಸಭೆಗಳು (ಚರ್ಚುಗಳು) ಶತಮಾನಗಳಿಂದ ಚರ್ಚಿಸುತ್ತ ಬಂದಿರುವ ಪ್ರಶ್ನೆ.

ಅನಂತರವೇ ಪಂಗಡಭೇದಗಳನ್ನು ಗುರುತಿಸಿಕೊಳ್ಳಿರಿ. ಕಥೋಲಿಕರು ಸತ್ತ ಕೂಡಲೆ ನಡೆಯುವ ವೈಯಕ್ತಿಕ ತೀರ್ಪನ್ನೂ ಲೋಕಾಂತ್ಯದ ಸಾರ್ವತ್ರಿಕ ತೀರ್ಪನ್ನೂ ಒಪ್ಪುವುದರ ಜೊತೆಗೆ, 1563ರಲ್ಲಿ ತಮ್ಮ ಸಭೆಯ ಬಿಷಪರು ಸೇರಿದ್ದ ಟ್ರೆಂಟ್ ಮಹಾಸಭೆ ದೃಢಪಡಿಸಿದಂತೆ, ಆತ್ಮಗಳು ಶುದ್ಧಿಗೊಳ್ಳುವ ಸ್ಥಿತಿಯೊಂದನ್ನೂ ನಂಬುತ್ತಾರೆ. ಪ್ರೊಟೆಸ್ಟಂಟರು ಬಹುಮಟ್ಟಿಗೆ ಅದನ್ನು ನಿರಾಕರಿಸುತ್ತಾರೆ. ಪೂರ್ವದ ಆರ್ಥಡಾಕ್ಸ್ ಸಭೆಗಳು ಆ ಸಿದ್ಧಾಂತವನ್ನು ಒಪ್ಪದಿದ್ದರೂ ಮೃತರಿಗಾಗಿ ಪ್ರಾರ್ಥಿಸುತ್ತವೆ.