ಬಾಜಾಭಜಂತ್ರಿ ಇಲ್ಲದೆ ಕಾನೂನು ಮದುವೆ: ನನ್ನ ಅನುಭವ

ಮದುವೆ ಆಗ್ತೀವಿ ಅಂತ ವಿಶೇಷ ವಿವಾಹ ಕಾಯ್ದೆ, 1954ರಡಿ ವಿವಾಹ ಅಧಿಕಾರಿಗೆ ಕೊಟ್ಟ ನೋಟಿಸ್ ಎರಡು ಸಲ ವಾಪಸ್ ಬಂತು. ನನ್ನ ಆಧಾರ್ ಪುಣೆ ವಿಳಾಸದ್ದು, ದುಡಿಯೋದೂ ಅಲ್ಲೇ. ನೋಟರಿ ಬಾಂಡ್ ಮಾಡಿಸಿದೆ. ಅದರಿಂದ ಮದುವೆ ಆಗೋದಿಲ್ಲ, ದುಡ್ಡು ದಂಡ. ಏಜೆಂಟ್ ಕೇಳಿದಷ್ಟು ರೊಕ್ಕ ಇರಲಿಲ್ಲ.

ಕೆಲಸ ಆಗಿದ್ದು ಹೀಗೆ. ಇಬ್ಬರಲ್ಲಿ ಒಬ್ಬರು ನೋಟಿಸಿಗೆ ಮುಂಚಿನ 30 ದಿನ ಆ ಜಿಲ್ಲೆಯಲ್ಲಿ ವಾಸವಿದ್ದರೆ ಸಾಕು. ಹುಡುಗಿ ಆಳಂದದವಳು. ಮೊದಲು ಆಕೆಯ ಆಧಾರ್ ಹೆಸರನ್ನು ಹತ್ತನೇ ತರಗತಿ ಮಾರ್ಕ್ಸ್ ಕಾರ್ಡಿಗೆ ಹೊಂದಿಸಿದೆವು (ಒಂದು ‘ಹೆಚ್’ ಹೆಚ್ಚಿತ್ತು), ಆಮೇಲೆ ಆಕೆಯ ವಿಳಾಸದ ಮೇಲೆ ಕಲಬುರಗಿ ಜಿಲ್ಲೆಯಲ್ಲೇ ನೋಟಿಸ್. 30 ದಿನ ಕಳೆದ ಮೇಲೆ, ಆದರೆ ನೋಟಿಸ್ ಕೊಟ್ಟ ದಿನದಿಂದ ಮೂರು ತಿಂಗಳೊಳಗೆ, ಮದುವೆಗೆ ಅಧಿಕಾರಿಯ ಮುಂದೆ ಹೋಗಬೇಕು. ಮೀರಿದರೆ ಮತ್ತೆ ಹೊಸ ನೋಟಿಸ್. ಸಾಕ್ಷಿ ಮೂವರು ಬೇಕು. ಅವ್ವ, ಅತ್ತೆ, ಚಿಗವ್ವ ಬಂದರು. ಶಕ್ತಿ ಯೋಜನೆ ಇತ್ತಲ್ಲ, ಬಸ್ ಟಿಕೆಟ್ ನನಗೊಬ್ಬನಿಗೇ.