ಕಂಠೀರವದ ಟ್ರ್ಯಾಕಿನಿಂದ ರಾಷ್ಟ್ರೀಯ ಶಿಬಿರದವರೆಗೆ: ಪೋಷಕರಿಗೊಂದು ಕೈಪಿಡಿ

ಕಂಠೀರವ ಕ್ರೀಡಾಂಗಣದ ಮೆಟ್ಟಿಲ ಮೇಲೆ ಕುಳಿತು ಮಕ್ಕಳ ಓಟ ನೋಡುವ ಪೋಷಕರು ಸಾಮಾನ್ಯವಾಗಿ ವಿಚಾರಿಸುವುದು ಒಳ್ಳೆಯ ಕೋಚ್ ಯಾರೆಂದು. ಅದಕ್ಕೂ ಮೊದಲು ವಿಚಾರಿಸಬೇಕಾದದ್ದು, ಮಗು ಓಡುವ ಕೂಟಕ್ಕೆ ಮಾನ್ಯತೆ ಇದೆಯೇ ಎಂಬುದನ್ನು.

ನಮ್ಮಲ್ಲಿ ತಂಡ ಆರಿಸುವವರು ಬೇರೆ, ಹಣ ಕೊಡುವವರು ಬೇರೆ. ಆಯ್ಕೆ ಆಯಾ ಆಟದ ರಾಷ್ಟ್ರೀಯ ಫೆಡರೇಷನ್ನಿನ ಕೆಲಸ. ಅದು ವರ್ಷದ ಶಿಬಿರ, ಸ್ಪರ್ಧೆಗಳ ಪಟ್ಟಿಯನ್ನು ಸರ್ಕಾರಕ್ಕೆ ಸಲ್ಲಿಸುತ್ತದೆ. ಒಪ್ಪಿಗೆಯಾದ ಖರ್ಚನ್ನು 1984ರಲ್ಲಿ ಆರಂಭವಾದ ಭಾರತೀಯ ಕ್ರೀಡಾ ಪ್ರಾಧಿಕಾರ, ಅಂದರೆ ಸಾಯ್, ನೋಡಿಕೊಳ್ಳುತ್ತದೆ. ಹಾಗಾಗಿ ಜ್ಞಾನಭಾರತಿಯ ಸಾಯ್ ಕೇಂದ್ರಕ್ಕೆ ಹೋಗಿ ವಸತಿ ತರಬೇತಿಯ ಟ್ರಯಲ್ಸ್ ಯಾವಾಗ ಎಂದು ಕೇಳಬಹುದೇ ಹೊರತು ಮಗಳನ್ನು ರಾಜ್ಯ ತಂಡಕ್ಕೆ ಸೇರಿಸಿ ಎಂದು ಕೇಳಿ ಫಲವಿಲ್ಲ.

ಹಿಡಿಯಬೇಕಾದ ದಾರಿಗಳು ಎರಡು. ಒಂದು, ಜಿಲ್ಲಾ ಅಥ್ಲೆಟಿಕ್ ಸಂಸ್ಥೆಯಿಂದ ರಾಜ್ಯ ಸಂಸ್ಥೆಗೆ, ಅಲ್ಲಿಂದ ಅಥ್ಲೆಟಿಕ್ಸ್ ಫೆಡರೇಷನ್ನಿನ ರಾಷ್ಟ್ರೀಯ ಕೂಟಕ್ಕೆ. ಇನ್ನೊಂದು, ತಾಲ್ಲೂಕು, ಜಿಲ್ಲೆ, ರಾಜ್ಯ ಮಟ್ಟದ ಶಾಲಾ ಕ್ರೀಡಾಕೂಟಗಳ ಮೂಲಕ. ಶಾಲಾ ಕೂಟಗಳಲ್ಲಿ ವಯೋಮಿತಿ 14, 17, 19. ಫೆಡರೇಷನ್ನಿನಲ್ಲಿ 14, 16, 18, 20. ಎರಡನ್ನೂ ಬರೆದಿಟ್ಟುಕೊಳ್ಳದಿದ್ದರೆ ಒಂದು ಋತುವೇ ಕೈತಪ್ಪೀತು.

ಇವೆರಡರ ಹೊರಗೆ 'ನ್ಯಾಷನಲ್' ಎಂಬ ಹೆಸರಿನ ಕೂಟಗಳು ಬೇಕಾದಷ್ಟಿವೆ. ನನ್ನ ಮಗಳೂ ಅಂಥದ್ದೊಂದಕ್ಕೆ ಹೋಗಿ, ಹೊಳೆಯುವ ಮುದ್ರೆಯ ಪ್ರಮಾಣಪತ್ರ ತಂದಳು. ಅದಕ್ಕೆ ಫ್ರೇಮನ್ನೂ ಹಾಕಿಸಿದೆವು. ಕ್ರೀಡಾ ಕೋಟಾದ ದಾಖಲೆ ಪರಿಶೀಲನೆಯ ದಿನ ಮೇಜಿನಾಚೆಯ ಅಧಿಕಾರಿ ಹೆಬ್ಬೆರಳಿನಿಂದ ಆ ಮುದ್ರೆಯನ್ನೊಮ್ಮೆ ಸವರಿ, ಪತ್ರವನ್ನು ಮಡಿಸದೆಯೇ ನಮ್ಮತ್ತ ತಳ್ಳಿದರು. ಅಂದಿನಿಂದ ಪ್ರವೇಶ ಶುಲ್ಕ ಕಟ್ಟುವ ಮುನ್ನ ಫೆಡರೇಷನ್ನಿನ ವಾರ್ಷಿಕ ವೇಳಾಪಟ್ಟಿಯಲ್ಲಿ ಕೂಟದ ಹೆಸರು ಹುಡುಕುವುದು ನಮ್ಮ ಮನೆಯ ರೂಢಿ.

ಜನನ ಪ್ರಮಾಣಪತ್ರ, ಆಧಾರ್, ಶಾಲಾ ದಾಖಲೆ ಮೂರರಲ್ಲೂ ಹೆಸರಿನ ಕಾಗುಣಿತವೂ ಹುಟ್ಟಿದ ದಿನವೂ ಒಂದೇ ಇರಲಿ. ಇನಿಷಿಯಲ್ಲು ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಇರುವುದು ನಮ್ಮವರ ಹಳೆಯ ಕಾಯಿಲೆ. ವಯಸ್ಸಿನ ಬಗ್ಗೆ ಅನುಮಾನ ಬಂದರೆ ಎಡ ಮಣಿಕಟ್ಟಿನ ಎಕ್ಸ್-ರೇ ತೆಗೆದು ಮೂಳೆಯ ಬೆಳವಣಿಗೆ ನೋಡುವ ಪರೀಕ್ಷೆಯಿದೆ.

ಹಣದ ಲೆಕ್ಕವನ್ನೂ ಸರಿಯಾಗಿ ತಿಳಿದಿರಬೇಕು. ಕೇಂದ್ರ ಸರ್ಕಾರದ ಖೇಲೋ ಇಂಡಿಯಾ ಯೋಜನೆಗೆ ಆಯ್ಕೆಯಾದರೆ ವರ್ಷಕ್ಕೆ ಲಕ್ಷಗಳಲ್ಲಿ ಸಿಗುತ್ತದೆ ಎಂಬ ಮಾತು ಸುಳ್ಳಲ್ಲ, ಆದರೆ ಕ್ರೀಡಾಪಟುವಿನ ಖಾತೆಗೆ ನೇರವಾಗಿ ಬರುವುದು ತಿಂಗಳಿಗೆ 10,000 ರೂಪಾಯಿಯ ಭತ್ಯೆ. ಉಳಿದದ್ದು ತರಬೇತಿ, ಊಟ, ವಸತಿಗೆಂದು ಅಕಾಡೆಮಿಯ ಪಾಲು. ಒಲಿಂಪಿಕ್ಸ್ ಪದಕದ ಗುರಿಯಿಟ್ಟು 2014ರಲ್ಲಿ ಶುರುವಾದ ಟಾಪ್ಸ್ ಯೋಜನೆಯ ಮುಖ್ಯ ಗುಂಪಿಗೆ ತಿಂಗಳಿಗೆ 50,000 ರೂಪಾಯಿ ನಿಗದಿಯಾಗಿತ್ತು. ಅದಕ್ಕೆ ಅರ್ಜಿ ಹಾಕಿ ಕಾಯುವ ಪದ್ಧತಿಯಿಲ್ಲ, ಹೆಸರು ಸೇರಿಸುವುದು ಕೇಂದ್ರ ಕ್ರೀಡಾ ಸಚಿವಾಲಯದ ಸಮಿತಿ.

ನೆಗಡಿಯಾದಾಗ ಮೆಡಿಕಲ್ ಶಾಪಿನವರು ಕೊಟ್ಟ ಮಾತ್ರೆಯನ್ನು ಹಾಗೆಯೇ ನುಂಗಿಸಬೇಡಿ. ಕೆಲವು ನೆಗಡಿ ಔಷಧಿಗಳಲ್ಲಿರುವ ಸೂಡೊಎಫೆಡ್ರಿನ್ ನಿಗದಿತ ಮಿತಿ ಮೀರಿ ಮೂತ್ರದಲ್ಲಿ ಕಂಡರೆ, ಸ್ಪರ್ಧೆಯ ದಿನ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ, ಅಂದರೆ ನಾಡಾದ ಪರೀಕ್ಷೆಯಲ್ಲಿ ಅದು ಉದ್ದೀಪನವೆಂದೇ ದಾಖಲಾಗುತ್ತದೆ. ವೈದ್ಯರ ಚೀಟಿಯನ್ನೂ ಮಾತ್ರೆಯ ಸ್ಟ್ರಿಪ್ಪನ್ನೂ ಸ್ಪೈಕ್ಸ್ ಬೂಟು ಇಡುವ ಚೀಲದಲ್ಲೇ ಇಟ್ಟುಕೊಳ್ಳಿ.