ಮೂಗಿನ ಸರ್ಜರಿ ಮತ್ತು ಆಮೇಲಿನ ಒಂದು ವರ್ಷ

ನನ್ನ ಮೂಗಿನ ಮೇಲೆ ಒಂದು ಡುಬ್ಬ ಇತ್ತು. ಒಳಗಿನ ಗೋಡೆಯೂ ವಾಲಿದ್ದರಿಂದ ಬಲಗಡೆ ಉಸಿರು ಸರಿಯಾಗಿ ಆಡುತ್ತಿರಲಿಲ್ಲ. ಎರಡನ್ನೂ ಒಂದೇ ಸರ್ಜರಿಯಲ್ಲಿ ಸರಿಮಾಡಬಹುದು ಅಂತ ಗೊತ್ತಾದ ಮೇಲೆ ಮನಸ್ಸು ಗಟ್ಟಿಮಾಡಿಕೊಂಡೆ.

ಮೊದಲು ನೋಡಿದ ಸರ್ಜನ್ ಕಂಪ್ಯೂಟರಿನಲ್ಲಿ ನನ್ನ ಫೋಟೋಗೆ ಚಂದದ ಮೂಗು ಕೂರಿಸಿ ತೋರಿಸಿದರು. ಇನ್ನೊಬ್ಬರು ಮೂಗನ್ನು ಒತ್ತಿ ನೋಡಿ, "ನಿಮ್ಮ ಚರ್ಮ ದಪ್ಪ. ತುದಿ ಅಷ್ಟು ಚೂಪಾಗಿ ಬರಲ್ಲ. ಪರವಾಗಿಲ್ವಾ?" ಅಂದರು. ಅವರ ಹತ್ತಿರವೇ ಮಾಡಿಸಿದೆ. ಆಗದ್ದನ್ನು ಮೊದಲೇ ಹೇಳುವ ಡಾಕ್ಟರ್ ಮೇಲೆ ನನಗೆ ನಂಬಿಕೆ ಜಾಸ್ತಿ. ಆಸ್ಪಿರಿನ್, ಐಬುಪ್ರೊಫೆನ್ ಥರದ ಮಾತ್ರೆಗಳಿಂದ ರಕ್ತ ಜಾಸ್ತಿ ಹರಿಯಬಹುದು ಅಂತ ಅವನ್ನು ಮೊದಲೇ ನಿಲ್ಲಿಸಿದರು.

ಸರ್ಜರಿಯ ಬಗ್ಗೆ ಹೇಳೋಕೆ ನನ್ನ ಹತ್ತಿರ ಏನೂ ಇಲ್ಲ, ಪೂರ್ತಿ ಅರಿವಳಿಕೆಯಲ್ಲಿ ಮಲಗಿದ್ದೆ. ಡುಬ್ಬ ತೆಗೆದ ಮೇಲೆ ಮೂಗಿನ ಪಕ್ಕದ ಮೂಳೆಗಳನ್ನು ಕತ್ತರಿಸಿ ಒಳಕ್ಕೆ ಸರಿಸುತ್ತಾರೆ. ಕಣ್ಣಿನ ಕೆಳಗೆ ಕಪ್ಪಗೆ ರಕ್ತ ಕಟ್ಟುವುದು ಮುಖ್ಯವಾಗಿ ಅದರಿಂದಲೇ.

ನೋವು ನಾನು ಹೆದರಿದ್ದಷ್ಟು ಇರಲಿಲ್ಲ. ಹಿಂಸೆ ಆಗಿದ್ದು ರಾತ್ರಿ. ಮೂಗು ಪೂರ್ತಿ ಕಟ್ಟಿರುತ್ತದೆ, ಬಾಯಲ್ಲೇ ಉಸಿರಾಡಬೇಕು, ಗಂಟಲು ಒಣಗಿ ಎಚ್ಚರ ಆಗುತ್ತದೆ. ತಲೆ ಎತ್ತರದಲ್ಲಿಟ್ಟು ಅಂಗಾತ ಮಲಗಬೇಕು. ಪಕ್ಕಕ್ಕೆ ಹೊರಳುವ ಅಭ್ಯಾಸ ನನಗೆ, ಅದಕ್ಕೇ ಎರಡೂ ಕಡೆ ದಿಂಬು ಒತ್ತಿಟ್ಟುಕೊಂಡೆ. ಮೂಗು ಸೀಟುವ ಹಾಗಿಲ್ಲ. ಸೀನು ಬಂದರೆ ಬಾಯಿ ತೆರೆದು ಸೀನಬೇಕು. ಹೊಳ್ಳೆಯೊಳಗೆ ಉಪ್ಪುನೀರಿನ ಸ್ಪ್ರೇ ಹಾಕಿದಾಗ ಮಾತ್ರ ಒಂಚೂರು ಸಮಾಧಾನ.

ಕನ್ನಡಕ ಹಾಕುವವರು ಇದನ್ನು ಮೊದಲೇ ಯೋಚಿಸಿಕೊಳ್ಳಿ. ಮೂಳೆ ಕೂಡುವವರೆಗೆ, ಅಂದರೆ ಸಾಮಾನ್ಯವಾಗಿ 4ರಿಂದ 6 ವಾರ, ಮೂಗಿನ ಮೇಲೆ ಭಾರ ಬೀಳಬಾರದು. ನಾನು ಕನ್ನಡಕದ ನಡುಭಾಗವನ್ನು ಹಣೆಗೆ ಟೇಪ್ ಹಾಕಿ ಅಂಟಿಸಿಕೊಳ್ಳುತ್ತಿದ್ದೆ. "ಏನೇ ಇದು ಅವತಾರ!" ಅಂತ ಅಕ್ಕ ನಕ್ಕಿದ್ದೇ ನಕ್ಕಿದ್ದು. ನನಗೆ ನಗೋಕೂ ಆಗುತ್ತಿರಲಿಲ್ಲ, ಮೇಲ್ದುಟಿ ಬಿಗಿದುಕೊಂಡಿತ್ತು.

ಮೂಗು ಅಲುಗಾಡದಂತೆ ಮೇಲೆ ಕೂರಿಸಿರುವ ಗಟ್ಟಿ ಪಟ್ಟಿಯನ್ನು, ಅಂದರೆ ಸ್ಪ್ಲಿಂಟನ್ನು, ಸುಮಾರು ಒಂದು ವಾರಕ್ಕೆ ತೆಗೆಯುತ್ತಾರೆ. ಆವತ್ತು ಕನ್ನಡಿ ನೋಡಿ ಎದೆ ಧಸಕ್ಕೆಂದಿತು. ಮೂಗು ಅಗಲ, ತುದಿ ಮೇಲಕ್ಕೆ, ಮುಟ್ಟಿದರೆ ಮರದ ತುಂಡಿನಂತೆ ಜೋಮು. ಕಾಣುತ್ತಿದ್ದದ್ದು ಊತ, ಮೂಗಲ್ಲ. ಡಾಕ್ಟರ್ ಇದನ್ನು ಹೇಳಿದ್ದರು, ಆದರೂ ಕನ್ನಡಿ ಮುಂದೆ ಯಾರ ಮಾತು ನೆನಪಿರುತ್ತದೆ? ಊತ ಬೆಳಿಗ್ಗೆ ಜಾಸ್ತಿ, ಸಂಜೆಗೆ ಕಡಿಮೆ. ಹೆಚ್ಚಿನದು ಕೆಲವು ವಾರಗಳಲ್ಲಿ ಇಳಿಯಿತು. ತುದಿಯದ್ದು ಮಾತ್ರ ಹಠಮಾರಿ. ಚರ್ಮ ದಪ್ಪ ಇದ್ದರೆ ಒಂದು ವರ್ಷ, ಕೆಲವೊಮ್ಮೆ ಇನ್ನೂ ಜಾಸ್ತಿ ಹಿಡಿಯುತ್ತದೆ. ಮತ್ತೊಂದು ಸರ್ಜರಿ ಬೇಕಾ ಅನ್ನುವ ಮಾತನ್ನು ಒಂದು ವರ್ಷಕ್ಕೆ ಮೊದಲು ಸಾಮಾನ್ಯವಾಗಿ ಎತ್ತದಿರುವುದು ಅದಕ್ಕೇ. ದಿನಾ ಸೆಲ್ಫಿ ತೆಗೆದು ಹೋಲಿಸುವುದನ್ನು ಬಿಟ್ಟ ಮೇಲೆ ನನಗೆ ನಿದ್ದೆ ಚೆನ್ನಾಗಿ ಬಂತು.

ಈಗ ಎರಡೂ ಕಡೆ ಉಸಿರು ಸರಾಗ. ಡುಬ್ಬ ಇಲ್ಲ. ಒಂದು ಹೊಳ್ಳೆ ಇನ್ನೊಂದಕ್ಕಿಂತ ಚೂರು ದೊಡ್ಡದು. ಹಳೇ ಫೋಟೋ ತೆಗೆದು ನೋಡಿದೆ, ಮೊದಲೂ ಹಾಗೇ ಇತ್ತು. ಅದನ್ನು ಸರಿಮಾಡಿಸುವ ಯೋಚನೆ ಇಲ್ಲ.